ಸಹಾಯ ಬೇಕು: ಕರೆಂಟ್, ನಲ್ಲಿ ಇಲ್ಲದ ಹಳೇ ತೋಟದ ಮನೆಯಲ್ಲಿ ಉಳಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಮನೆಯವರೆಲ್ಲ ಒಂದು ತುಂಬಾ ಹಳೆಯ ತೋಟದ ಮನೆಯಲ್ಲಿ ಉಳಿಯುತ್ತಿದ್ದೇವೆ. ಕರೆಂಟಿಲ್ಲ, ನೀರಿಗೆ ಬಾವಿ, ಅಡುಗೆಗೆ ಸೌದೆ ಒಲೆ. ಮನೆಯನ್ನು ಹಳೆಯ ರೂಪದಲ್ಲೇ ಉಳಿಸಿಕೊಂಡಿದ್ದಾರೆ, ಅದಕ್ಕೇ ನನಗೆ ಅಲ್ಲಿಗೆ ಹೋಗಲು ಅಷ್ಟು ಆಸೆ.

ನೀರಿನ ವಿಷಯ ಗೊತ್ತು. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಟ್ಟರೆ ರೋಗಾಣುಗಳು ಸಾಯುತ್ತವೆ, ತುಂಬಾ ಎತ್ತರದ ಜಾಗವಾದರೆ 3 ನಿಮಿಷ. ನನ್ನ ಚಿಂತೆಯೆಲ್ಲ ಹೊಗೆಯದ್ದು. ಚಳಿ ಅಂತ ಕಿಟಕಿ ಮುಚ್ಚಿ ಒಳಗೆ ಕೆಂಡ ಇಟ್ಟುಕೊಂಡು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು ಅಲ್ವಾ? ಅದನ್ನು ಪತ್ತೆ ಮಾಡಿ ಎಚ್ಚರಿಸುವ ಬ್ಯಾಟರಿ ಅಲಾರಂ ತಗೊಂಡಿದ್ದೇನೆ, ಮಲಗುವ ಕೋಣೆಯ ಹತ್ತಿರ ಇಡುತ್ತೇನೆ. ಆದರೆ ಒಲೆಯ ಹೊಗೆ ಕೊಳವೆ ಕಟ್ಟಿಕೊಂಡಿದೆಯಾ ಅಂತ ಬೆಂಕಿ ಹಚ್ಚುವ ಮುಂಚೆ ನೋಡೋದು ಹೇಗೆ?

ಇನ್ನೊಂದು, ಅಮ್ಮನಿಗೆ ವಯಸ್ಸಾಗಿದೆ, ಮಂಡಿ ನೋವು ಬೇರೆ. ಶೌಚಾಲಯ ಮನೆಯಿಂದ ಸ್ವಲ್ಪ ದೂರ. ರಾತ್ರಿ ಹೊತ್ತು ಏನು ಮಾಡೋದು? ಮರದ ಮನೆಯಾದ್ದರಿಂದ ಮೇಣದಬತ್ತಿ ಬೇಡ, ಟಾರ್ಚೇ ಸಾಕು ಅಂದುಕೊಂಡಿದ್ದೇನೆ.

ಇಂಥ ಮನೆಯಲ್ಲಿ ನಿಜವಾಗಿ ಇದ್ದವರು ದಯವಿಟ್ಟು ಹೇಳಿ, ಸುಮ್ನೆ ಹೋಗಬೇಡಿ ಅನ್ನಬೇಡಿ.