ಮುತ್ತಜ್ಜನ ಚಿನ್ನದ ಜೇಬು ಗಡಿಯಾರ: ಕೀ ಪೂರ್ತಿ ಇದೆ, ಆದರೆ ಓಡುತ್ತಿಲ್ಲ. ರಿಪೇರಿ ಮಾಡಿಸಲಾ?

ಪ್ರಶ್ನೆ (ಉಡುಪಿ, ಕಡಿಯಾಳಿ):

ನಮಸ್ಕಾರ. ಅಮ್ಮನ ಅಜ್ಜ ಮುಂಬೈಯ ಹೋಟೆಲಿನಲ್ಲಿ ದುಡಿದು ತಂದ ಚಿನ್ನದ ಜೇಬು ಗಡಿಯಾರ ಈಗ ನನ್ನ ಕೈಗೆ ಬಂದಿದೆ. ಡಯಲ್ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ ಅಂತ ಇದೆ. ಕೀ ಬಿಗಿಯಾಗಿದೆ, ಇನ್ನು ತಿರುಗುವುದಿಲ್ಲ. ಅಲುಗಾಡಿಸಿದರೆ ಹತ್ತು ಸೆಕೆಂಡ್ ಓಡಿ ನಿಲ್ಲುತ್ತದೆ. ಇಲ್ಲಿ ಒಬ್ಬರು, "ಕೀ ಜಾಸ್ತಿ ಕೊಟ್ಟು ಹಾಳಾಗಿದೆ, ಮಿಷಿನ್ ತೆಗೆದು ಬ್ಯಾಟರಿಯದ್ದು ಹಾಕೋಣ" ಅಂದರು. ಮಾವ ಕರಗಿಸಿ ಬಳೆ ಮಾಡಿಸು ಅನ್ನುತ್ತಾರೆ. ಅಮ್ಮನಿಗೆ ಅದರ ಟಿಕ್ ಟಿಕ್ ಇನ್ನೊಮ್ಮೆ ಕೇಳಬೇಕು. ಸಣ್ಣವರಿದ್ದಾಗ ಅಜ್ಜನ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದರಂತೆ. ಏನು ಮಾಡಲಿ?

ಉತ್ತರ (ಮಂಗಳೂರು, ವಾಚ್ ರಿಪೇರಿ ಮಾಡುವವರು):

ತಂಗಿ, ಮಿಷಿನ್ ಬದಲಿಸಲು ಮಾತ್ರ ಒಪ್ಪಬೇಡಿ. ಅಲುಗಾಡಿಸುವುದನ್ನೂ ನಿಲ್ಲಿಸಿ.

ಕೀ ಜಾಸ್ತಿ ಕೊಟ್ಟರೆ ಗಡಿಯಾರ ನಿಲ್ಲುತ್ತದೆ ಅನ್ನುವುದು ಹಳೆಯ ತಪ್ಪು ನಂಬಿಕೆ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡೂ ಓಡುತ್ತಿಲ್ಲ ಅಂದರೆ ಬಲ ಇದೆ, ಅದು ಮುಂದೆ ಹೋಗುವ ದಾರಿಯಲ್ಲಿ ಎಲ್ಲೋ ತಡೆ ಇದೆ. ಹೆಚ್ಚಾಗಿ ಎಣ್ಣೆ ಒಣಗಿ ಅಂಟಾಗಿರುತ್ತದೆ. ಇಲ್ಲವಾದರೆ ಬ್ಯಾಲೆನ್ಸ್ ಚಕ್ರದ, ಅಂದರೆ ಆಚೆ ಈಚೆ ತಿರುಗುತ್ತಾ ಗಡಿಯಾರದ ವೇಗ ಕಾಯುವ ಚಕ್ರದ, ಅಚ್ಚು ಪೆಟ್ಟಾಗಿರುತ್ತದೆ. ನಾವು ಅದಕ್ಕೆ ಸ್ಟಾಫ್ ಅನ್ನುತ್ತೇವೆ. ಅದರ ತುದಿ ಕೂದಲಿನಷ್ಟು ತೆಳು. ಬಿದ್ದ ಪೆಟ್ಟನ್ನು ತಡೆಯುವ ಇಂಕಾಬ್ಲಾಕ್ ಅನ್ನುವ ಸ್ಪ್ರಿಂಗ್ ವ್ಯವಸ್ಥೆ ಬಂದದ್ದೇ 1934ರಲ್ಲಿ. ಅದಕ್ಕಿಂತ ಹಳೆಯ ಗಡಿಯಾರ ಒಮ್ಮೆ ನೆಲಕ್ಕೆ ಬಿದ್ದರೆ ಸಾಕು.

ಒಂದು ಪರೀಕ್ಷೆ ಮಾಡಿ. ದಪ್ಪ ಬಟ್ಟೆ ಹಾಸಿ, ಮೊದಲು ಡಯಲ್ ಮೇಲೆ ಬರುವಂತೆ ಇಡಿ. ಆಮೇಲೆ ಕವುಚಿ ಇಡಿ. ಕೊನೆಗೆ ನೇರವಾಗಿ ಹಿಡಿಯಿರಿ. ಪ್ರತಿ ಸಲ ಎಷ್ಟು ಹೊತ್ತು ಓಡುತ್ತದೆ ಅಂತ ಬರೆದುಕೊಳ್ಳಿ.

ಇನ್ನೊಬ್ಬರು (ಉಡುಪಿ, ಚಿನ್ನದ ಕೆಲಸದವರು):

ಕರಗಿಸುವ ಮಾತಿಗೆ ನಾನು ಉತ್ತರ ಕೊಡುತ್ತೇನೆ ಅಕ್ಕ. ಮುಚ್ಚಳದ ಒಳಗೆ ಭೂತಗನ್ನಡಿಯಲ್ಲಿ ನೋಡಿ. ಸ್ವಿಸ್ ಕೇಸ್ ಆದರೆ 18 ಕ್ಯಾರೆಟ್‌ಗೆ ಹೆಂಗಸಿನ ತಲೆಯ ಮುದ್ರೆ, 14ಕ್ಕೆ ಅಳಿಲು. ಅಳಿಲು ಇದ್ದರೆ ನೂರಕ್ಕೆ 58.5 ಪಾಲು ಮಾತ್ರ ಚಿನ್ನ. ರೋಲ್ಡ್ ಗೋಲ್ಡ್ ಅಂತ ಬರೆದಿದ್ದರೆ ಅದು ಮೇಲ್ಪದರ ಅಷ್ಟೇ. ಒಳಗಿನ ಎರಡನೇ ಮುಚ್ಚಳ ಎಷ್ಟೋ ಗಡಿಯಾರಗಳಲ್ಲಿ ಹಿತ್ತಾಳೆ. ಹಾಗಾಗಿ ಇಡೀ ಗಡಿಯಾರ ತೂಗಿ ಲೆಕ್ಕ ಹಾಕಿದರೆ ಮಾವನಿಗೆ ಬೇಸರವೇ ಆಗುತ್ತದೆ. ಪಾಲಿಶ್ ಮಾತ್ರ ಮಾಡಿಸಬೇಡಿ. ಮುದ್ರೆ, ಕೆತ್ತನೆ ಎಲ್ಲ ಸವೆದು ಹೋಗುತ್ತದೆ.

ಪ್ರಶ್ನೆ ಕೇಳಿದವರು:

ಅಳಿಲೇ ಇದೆ! ಡಯಲ್ ಮೇಲಿದ್ದಾಗ ಒಂದು ನಿಮಿಷ ಓಡಿತು. ಕವುಚಿದ ಕೂಡಲೇ ನಿಂತಿತು. ಮೂರು ಸಲವೂ ಹಾಗೇ. ಮುತ್ತಜ್ಜ ಮಲ್ಪೆಯಲ್ಲಿ ದೋಣಿ ಇಳಿಯುವಾಗ ಬೀಳಿಸಿಕೊಂಡಿದ್ದರು ಅಂತ ಅಮ್ಮ ಈಗ ನೆನಪು ಮಾಡಿಕೊಂಡರು.

ಮಂಗಳೂರಿನವರು:

ಹಾಗಾದರೆ ಸ್ಟಾಫ್‌ನ ಒಂದು ತುದಿ ಹೋಗಿದೆ ಅಂತಲೇ ನನ್ನ ಅನುಮಾನ. ಬರೀ ಎಣ್ಣೆಯ ತೊಂದರೆಯಾದರೆ ಎರಡೂ ಕಡೆ ಸುಮಾರು ಒಂದೇ ಥರ ಇರುತ್ತಿತ್ತು. ಇದು ರಿಪೇರಿ ಆಗುವ ಕೆಲಸ. ಬಿಡಿಭಾಗ ಸಿಗದಿದ್ದರೆ ಲೇತ್‌ನಲ್ಲಿ, ಅಂದರೆ ಲೋಹ ಕಡೆಯುವ ಯಂತ್ರದಲ್ಲಿ, ಹೊಸದು ಕಡೆಯಬಹುದು. ಆದರೆ ಲೇತ್ ಇರುವವರು ಕಡಿಮೆ. ಆದ್ದರಿಂದ ಯಾರ ಹತ್ತಿರ ಕೊಟ್ಟರೂ "ಸ್ಟಾಫ್ ನೀವೇ ಕಡೆಯುತ್ತೀರಾ?" ಅಂತ ಮೊದಲು ಕೇಳಿ.

ಒಂದೇ ಕಡೆ ನಾನು ಬೇಡ ಅನ್ನುತ್ತೇನೆ. ಬಿಚ್ಚಿದಾಗ ಚಕ್ರಗಳಿಗೆಲ್ಲ ತುಕ್ಕು ಹಿಡಿದಿದ್ದರೆ ಓಡಿಸುವ ಆಸೆ ಬಿಡಿ. ನಮ್ಮ ಕಡಲ ಗಾಳಿಯಲ್ಲಿ ಅದು ಜಾಸ್ತಿ. ಆಗಲೂ ಹಾಗೇ ಇಟ್ಟುಕೊಳ್ಳಿ, ಮಿಷಿನ್ ಎಸೆಯಬೇಡಿ. ತುಕ್ಕು ಇಲ್ಲ ಅಂದರೆ ಖಂಡಿತ ಮಾಡಿಸಿ. ಕೊಡುವ ಮುಂಚೆ ಒಳಗಿನ ನಂಬರಿನ ಫೋಟೋ ತೆಗೆದಿಡಿ. ತೆಗೆದ ಹಳೆಯ ಸ್ಟಾಫನ್ನೂ ವಾಪಸ್ ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರು:

ನಿನ್ನೆ ಒಬ್ಬ ರಿಪೇರಿಯವರು ಬಿಚ್ಚಿ ತೋರಿಸಿದರು. ತುಕ್ಕು ಕೀ ಹತ್ತಿರ ಸ್ವಲ್ಪ ಮಾತ್ರ. ಸ್ಟಾಫ್ ಕಡೆಯುತ್ತಾರಂತೆ, ಆರು ವಾರ ಬೇಕು. ಪಾಲಿಶ್ ಬೇಡ, ಡಯಲ್ ಮುಟ್ಟಬಾರದು ಅಂತ ಚೀಟಿಯಲ್ಲೇ ಬರೆಸಿದೆ. ಮಾವ ಈಗ ಬಳೆಯ ಮಾತು ಎತ್ತುತ್ತಿಲ್ಲ, ಯಾವಾಗ ಸಿಗುತ್ತದೆ ಅಂತ ಕೇಳುತ್ತಿದ್ದಾರೆ. ಬಂದ ದಿನ ಮೊದಲು ಅಮ್ಮನ ಕಿವಿಯ ಹತ್ತಿರ ಹಿಡಿದು ಆಮೇಲೆ ಇಲ್ಲಿ ಬರೆಯುತ್ತೇನೆ.