ತೋಟದ ಲೈನ್ ಮನೆಗಳಲ್ಲಿ ಮಳೆಗಾಲದ ಹೆರಿಗೆಗೆ ಏನು ಸಿದ್ಧತೆ ಬೇಕು?

ಪ್ರಶ್ನೆ: ಸ್ವಸಹಾಯ ಸಂಘದ ಸದಸ್ಯೆ, ಮೂಡಿಗೆರೆ ತಾಲ್ಲೂಕು

ನಮ್ಮ ಸಂಘದ ಮುಂದಿನ ಸಭೆಯನ್ನು ಬಸುರಿ ಬಾಣಂತಿಯರ ಆರೋಗ್ಯದ ಮಾತುಕತೆಗೆ ಮೀಸಲಿಟ್ಟಿದ್ದೇವೆ. ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳ, ಅಂದರೆ ಕಾರ್ಮಿಕರ ಸಾಲುಮನೆಗಳ, ಹೆಂಗಸರೂ ಬರುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂದು ಈಗ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಪುನರ್ವಸು, ಪುಷ್ಯ ಮಳೆಗಳ ಹೊತ್ತಿನಲ್ಲಿ ಮರ ಬಿದ್ದು ದಾರಿ ಕಟ್ಟಿ, ಫೋನಿಗೆ ಸಿಗ್ನಲ್ಲೂ ಇಲ್ಲದ ರಾತ್ರಿ ಬೇನೆ ಶುರುವಾದರೆ ಮಾಡುವುದೇನು ಎಂಬ ಚಿಂತೆ ನಮ್ಮೆಲ್ಲರಿಗೂ ಇದೆ. ಮೈ ಬಾತರೆ ಬಸುರಿಗೆ ಅದು ಸಹಜವೆಂದೂ, ಹೆರಿಗೆಯ ನಂತರ ರಕ್ತ ಹೋದರೆ ಕೆಟ್ಟ ರಕ್ತ ಹೋಗಲಿ ಬಿಡಿ ಎಂದೂ ಹೇಳುವ ಹಿರಿಯರಿಗೆ ಅಗೌರವವಾಗದಂತೆ ಉತ್ತರಿಸುವುದು ಹೇಗೆ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಶುಶ್ರೂಷಕಿ, ಹಾಸನ

ಮೊದಲು ರಕ್ತಸ್ರಾವದ ವಿಷಯವನ್ನೇ ಹೇಳಿ, ಏಕೆಂದರೆ ನಮಗೆ ಸಿಗುವ ಸಮಯ ಅತಿ ಕಡಿಮೆ ಇರುವುದು ಅಲ್ಲಿ. ಹೆರಿಗೆಯಾದ ಕೂಡಲೇ ಗರ್ಭಕೋಶ ಕುಗ್ಗಿ ಗಟ್ಟಿಯಾಗಬೇಕು. ಅದು ಸಡಿಲವಾಗಿಯೇ ಉಳಿದರೆ, ಅಥವಾ ಮಾಸಿನ ಚೂರು ಒಳಗೇ ಉಳಿದರೆ, ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳದೆ ಒಂದೆರಡು ಗಂಟೆಗಳಲ್ಲಿ ಪ್ರಾಣಕ್ಕೇ ಕುತ್ತು ಬರಬಹುದು. ಸಹಜ ಹೆರಿಗೆಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವವೆಂದು ಎಣಿಸುತ್ತಾರೆ. ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಬೆನ್ನಲ್ಲೇ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ಇದನ್ನು ತಡೆಯಲಿಕ್ಕಾಗಿಯೇ. ಬಾಣಂತಿಗೆ ಕೆಲವು ದಿನ ರಕ್ತ ಹೋಗುವುದು ನಿಜ, ತಾವು ಹೇಳುವುದು ಅಷ್ಟರ ಮಟ್ಟಿಗೆ ಸರಿ ಎಂದು ಹಿರಿಯರಿಗೆ ಒಪ್ಪಿಕೊಂಡೇ ಹೇಳಿ. ಆದರೆ ಬದಲಿಸಿದ ಬಟ್ಟೆ ಕೆಲವೇ ನಿಮಿಷಗಳಲ್ಲಿ ಮತ್ತೆ ತೊಯ್ದರೆ, ಆಕೆ ಬಿಳಿಚಿಕೊಂಡು ತಣ್ಣಗೆ ಬೆವರಿದರೆ, ಆಗ ಯಾರೂ ಕಾಯಬಾರದು.

ಕಾಲು ಬಾವು ಹಲವರಿಗೆ ಬರುತ್ತದೆ. ಅದರ ಜೊತೆಗೆ ಮುಖ ಮತ್ತು ಕೈ ಬಾತು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ರಕ್ತದೊತ್ತಡ ನೋಡಿಸಬೇಕು. ಐದು ತಿಂಗಳು ತುಂಬಿದ ಮೇಲೆ ಅದು 140/90 ಮುಟ್ಟಿದರೆ ನಿರ್ಲಕ್ಷಿಸುವಂತಿಲ್ಲ, ಫಿಟ್ಸ್ ಬರುವ ಅಪಾಯವಿದೆ. ಫಿಟ್ಸ್ ಹೆರಿಗೆಯ ನಂತರವೂ ಬರಬಹುದು. ಮೆಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಔಷಧ ಹೊತ್ತಿಗೆ ಸಿಕ್ಕರೆ ಜೀವ ಉಳಿಯುತ್ತದೆ. ಬಾಣಂತಿಗೆ ಜ್ವರ ಬಂದು ಸ್ರಾವ ದುರ್ವಾಸನೆಯಾದರೆ ಅದು ಸೋಂಕಿನ ಲಕ್ಷಣ, ಕಷಾಯ ಕುಡಿಸಿ ಕಾಯಬೇಡಿ. ಹೆರಿಗೆಯಾಗಿ 42 ದಿನಗಳವರೆಗೆ ಇಂಥ ಕಾರಣಗಳಿಂದಾದ ಸಾವನ್ನೂ ತಾಯಿ ಮರಣವೆಂದೇ ಲೆಕ್ಕ ಹಿಡಿಯುತ್ತಾರೆ.

ಉತ್ತರ: ಆಶಾ ಕಾರ್ಯಕರ್ತೆ, ಸಕಲೇಶಪುರ ತಾಲ್ಲೂಕು

ಸಿಸ್ಟರ್ ಹೇಳಿದ ಲಕ್ಷಣಗಳನ್ನು ಗುರುತಿಸಿದ ಮೇಲೂ ಮನೆಯಲ್ಲಿ ನಿರ್ಧಾರ ತಡವಾಗುವುದನ್ನು ನಾನು ಕಾಣುತ್ತೇನೆ. ಯಜಮಾನರು ಕೆಲಸದಿಂದ ಬರಲಿ, ಅತ್ತೆಯವರನ್ನು ಕೇಳೋಣ ಎನ್ನುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ಆದ್ದರಿಂದ ಯಾರು ಜೊತೆಗೆ ಹೊರಡುತ್ತಾರೆ, 108 ಬರಲಾಗದಿದ್ದರೆ ತೋಟದ ಜೀಪಿನ ಕೀಲಿ ಯಾರ ಬಳಿ ಇದೆ ಎಂಬುದನ್ನು ಏಳನೇ ತಿಂಗಳಲ್ಲೇ ತೀರ್ಮಾನಿಸಿ, ತೋಟದ ರೈಟರಿಗೂ (ಲೆಕ್ಕಪತ್ರ, ಕೆಲಸ ನೋಡಿಕೊಳ್ಳುವವರಿಗೂ) ತಿಳಿಸಿಡಿ. ದಿನ ತುಂಬುವುದು ಜೋರು ಮಳೆಯ ತಿಂಗಳಲ್ಲಾದರೆ ಬೇನೆ ಬರುವವರೆಗೆ ಕಾಯದೆ, ಆಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಗೆ ಮೊದಲೇ ಹೋಗಿ ಇರುವುದು ಒಳ್ಳೆಯದು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ತಾಯಿ ಕಾರ್ಡನ್ನು ಮರೆಯದೆ ಒಯ್ದು, ಅಲ್ಲಿನ ಆಶಾ ಅಥವಾ ಅಂಗನವಾಡಿಯವರಿಗೆ ಬಂದ ಕೂಡಲೇ ತೋರಿಸಬೇಕು. ಇಲ್ಲವಾದರೆ ಇಲ್ಲಿಯವರು ಅಲ್ಲಿ ನೋಡುತ್ತಾರೆಂದೂ ಅಲ್ಲಿಯವರು ಇಲ್ಲಿ ನೋಡಿದ್ದಾರೆಂದೂ ಭಾವಿಸುತ್ತಾರೆ. ಹೊರ ರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದಿರುವ ಬಸುರಿಯರಿಗೆ ನಮ್ಮ ಭಾಷೆ ಬಾರದು, ಕಾರ್ಡೂ ಇರುವುದಿಲ್ಲ. ಅವರನ್ನು ಸಭೆಗೆ ನೀವೇ ಹೋಗಿ ಕರೆತನ್ನಿ. ಖರ್ಚಿಗೆ ಹೆದರುವವರಿಗೆ, 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತವೆಂದು ತಿಳಿಸಿ. ಪ್ರತಿ ತಿಂಗಳ 9ರಂದು ವೈದ್ಯರಿಂದ ಬಸುರಿಯರ ತಪಾಸಣೆ ಇರುತ್ತದೆ.

ಉತ್ತರ: ಕಾಲೇಜು ಅಧ್ಯಾಪಕ, ಚಿಕ್ಕಮಗಳೂರು

2018–20ರ ಮಾದರಿ ನೋಂದಣಿ ವರದಿಯ ಪ್ರಕಾರ 1 ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರ ಮರಣ ಸಂಭವಿಸಿದ್ದರೆ ನೆರೆಯ ಕೇರಳದಲ್ಲಿ ಅದು 19. ಉಳಿಸಬಹುದಾದ ಜೀವಗಳು ಇನ್ನೂ ಎಷ್ಟಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗಂಡಸರನ್ನೂ ಸಭೆಗೆ ಕರೆಯಿರಿ. ವಾಹನ ಹೊರಡಿಸುವವರೂ, ರಕ್ತ ಕೊಡಲು ಮುಂದೆ ಬರಬೇಕಾದವರೂ ಅವರೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸಿಸ್ಟರ್, ಇನ್ನೊಂದು ಮಾತು: ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆಂದು ಅನೇಕರು ಬಿಟ್ಟುಬಿಡುತ್ತಾರೆ. ಏನು ಹೇಳಲಿ?

ನಿವೃತ್ತ ಶುಶ್ರೂಷಕಿ, ಹಾಸನ

ಕಪ್ಪಾಗುವುದು ಮಾತ್ರೆಯ ಗುಣ, ಹೆದರಬೇಕಾಗಿಲ್ಲ. ರಕ್ತಹೀನತೆ ಇರುವವಳು ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆದುಕೊಳ್ಳಲಾರಳು, ಆದ್ದರಿಂದ ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದು ನುಂಗಬೇಕು. ವಾಕರಿಕೆ ಬರುವವರು ರಾತ್ರಿ ಊಟದ ನಂತರ ನುಂಗಲಿ. ನಮ್ಮ ಕಡೆ ಕಾಫಿಯ ಜೊತೆಗೇ ನುಂಗುವ ಅಭ್ಯಾಸವಿದೆ. ಕಾಫಿಯೂ ಚಹಾವೂ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುವುದರಿಂದ ನಡುವೆ ಒಂದು ಗಂಟೆಯಾದರೂ ಅಂತರವಿರಲಿ, ನಿಂಬೆ ಪಾನಕದೊಂದಿಗೆ ನುಂಗಿದರೆ ಒಳ್ಳೆಯದು. ಸುಣ್ಣದಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡಿ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ ಮಾತ್ರೆಯನ್ನೇ ನೆಚ್ಚಿಕೊಂಡು ಕೂರದೆ ಆಸ್ಪತ್ರೆಗೆ ಕಳುಹಿಸಿ.