‘ಕಚ್ಚಿದ ಮರಿ’ ಅಂದರೆ ಅರ್ಥ ಆಗುತ್ತದಾ?

ಪಚ್ಚಿಲೆಯ (ಎರಡು ಚಿಪ್ಪಿನ ಕಡಲಜೀವಿ, ಇಂಗ್ಲಿಷಿನಲ್ಲಿ ಮಸಲ್) ಮರಿಗಳನ್ನು ಸಾಕಣೆಗಾಗಿ ತೊಟ್ಟಿಯಲ್ಲೇ ಬೆಳೆಸುವ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ವಾರದಿಂದ ಒದ್ದಾಡುತ್ತಿದ್ದೇನೆ, ಬಲ್ಲವರು ಹೇಳಿ.

ತಲೆಬರಹಕ್ಕೆ ಮೊದಲು ‘ಕೃತಕ ಸಂತಾನೋತ್ಪತ್ತಿ’ ಅಂತ ಹಾಕಿದ್ದೆ, ಆಮೇಲೆ ಹೊಡೆದುಹಾಕಿದೆ. ಬಲಿತ ಗಂಡು ಹೆಣ್ಣುಗಳನ್ನು ತೊಟ್ಟಿಗೆ ಬಿಟ್ಟು ನೀರಿನ ಬಿಸಿಯನ್ನು ಒಮ್ಮೆಲೇ ಏರಿಸಿ ಇಳಿಸಿದರೆ ಅವು ತಾವಾಗಿಯೇ ಮೊಟ್ಟೆ, ವೀರ್ಯ ಬಿಡುತ್ತವೆ, ನೀರಿನಲ್ಲೇ ಎರಡೂ ಕೂಡುತ್ತವೆ. ಇದರಲ್ಲಿ ಕೃತಕ ಏನು ಬಂತು? ಅದಕ್ಕೇ ‘ಮೊಟ್ಟೆ ಬಿಡಿಸುವುದು’ ಅಂತ ಮಾಡಿದೆ. ನಮ್ಮ ‘ಇಸು’ ಇರುವುದೇ ಇಂಥ ಕೆಲಸಕ್ಕೆ ಅಲ್ವಾ, ಬಿಡುವುದು ಅವು, ಬಿಡಿಸುವವರು ನಾವು. ಕಾಳು ಬಿಡಿಸುವುದು ಅಂತಲೂ ಇದೆ ನಿಜ, ಆದರೆ ಮೊಟ್ಟೆ ಜೊತೆಗಿದ್ದರೆ ಗೊಂದಲ ಆಗಲಾರದು. ಹಾಗೆ ಕೂಡಿದ ಮೊಟ್ಟೆಯಿಂದ ಬರುವ ಈಜುವ ಎಳೆಮರಿ, ಅಂದರೆ ಲಾರ್ವಾಕ್ಕೆ ‘ಡಿಂಭ’ ಇದೆ, ಆದರೆ ಲಾರ್ವಾ ಅಂದರೇ ಜಾಸ್ತಿ ಜನಕ್ಕೆ ಗೊತ್ತು, ಹಾಗೇ ಇಟ್ಟಿದ್ದೇನೆ.

ಕಷ್ಟ ಆಗಿರುವುದು ಆಮೇಲಿನ ಹಂತಕ್ಕೆ. ಸುಮಾರು 2 ದಿನಕ್ಕೆ ಲಾರ್ವಾಕ್ಕೆ ಚಿಪ್ಪು ಮೂಡುತ್ತದೆ. ಜಾತಿ ಮತ್ತು ನೀರಿನ ಬಿಸಿಗೆ ತಕ್ಕಂತೆ 2ರಿಂದ 4 ವಾರ ಪಾಚಿಯ ಕಣ ತಿನ್ನುತ್ತಾ ಈಜಾಡಿಕೊಂಡಿರುತ್ತದೆ. ಕಾಲು ಮಿಲಿಮೀಟರಿನಷ್ಟಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿಪ್ಪಿನೊಳಗೆ ಕಣ್ಣಿನ ಕಪ್ಪು ಚುಕ್ಕೆ, ಹೊರಗೆ ನಾಲಗೆಯಂಥ ಪಾದ. ಆ ಪಾದ ಚಾಚಿ, ತೊಟ್ಟಿಯಲ್ಲಿ ಇಳಿಬಿಟ್ಟ ಹಗ್ಗದ ನಾರನ್ನು ತಡವುತ್ತದೆ, ಹಿಂದೆಳೆದುಕೊಳ್ಳುತ್ತದೆ, ಮತ್ತೆ ತಡವುತ್ತದೆ. ಜಾಗ ಹಿಡಿಸಿತೋ, ದಾರದಂಥ ಎಳೆ ಬಿಟ್ಟು ಅಲ್ಲೇ ನಿಂತುಬಿಡುತ್ತದೆ. ಹೀಗೆ ನಿಂತ ಮರಿಗೆ ಇಂಗ್ಲಿಷಿನಲ್ಲಿ ‘ಸ್ಪ್ಯಾಟ್’ ಅನ್ನುತ್ತಾರೆ. ಕನ್ನಡದಲ್ಲಿ?

‘ಬಿತ್ತನೆ ಮರಿ’ ಅಂದರೆ ದೊಡ್ಡ ಮರಿಯೂ ಅದರಲ್ಲೇ ಬರುತ್ತದೆ. ‘ನೆಲೆಗೊಂಡ ಮರಿ’ಯಲ್ಲಿ ಆ ಹಿಡಿತವೇ ಇಲ್ಲ. ‘ಅಂಟಿದ’ ಅಂತೂ ತಪ್ಪು, ಅದು ಬಂಡೆಗೆ ಸಿಮೆಂಟಿನಂತೆ ಕೂತುಬಿಡುವ ಆಯ್ಸ್ಟರ್ ಎಂಬ ಇನ್ನೊಂದು ಚಿಪ್ಪುಜೀವಿಯ ಮರಿಗೆ ಸರಿ. ಪಚ್ಚಿಲೆ ಮರಿ ಎಳೆ ಬಿಟ್ಟುಕೊಟ್ಟು ಬೇರೆ ಕಡೆ ಹೋಗಿ ಮತ್ತೆ ಹಿಡಿಯಬಲ್ಲದು.

ನನಗೆ ಹೊಳೆದದ್ದು ‘ಕಚ್ಚು’. ಕಾಯಿ ಕಚ್ಚಿದೆ ಅನ್ನುತ್ತೇವಲ್ಲ, ಹಾಗೆ. ಹೂವೆಲ್ಲ ಕಾಯಾಗುವುದಿಲ್ಲ, ಎಷ್ಟೋ ಉದುರಿಹೋಗುತ್ತವೆ. ಲಾರ್ವಾಗಳದ್ದೂ ಅದೇ ಕಥೆ, ಲಕ್ಷಗಟ್ಟಲೆ ಈಜಿದರೂ ಹಗ್ಗ ಹಿಡಿಯುವವು ಕೆಲವೇ. ‘ಈ ಸಲ ಮರಿ ಚೆನ್ನಾಗಿ ಕಚ್ಚಿದೆ’ ಅಂದರೆ ತೊಟ್ಟಿ ನೋಡಿಕೊಳ್ಳುವವರಿಗೆ ತಟ್ಟನೆ ತಿಳಿಯುತ್ತದೆ ಅನ್ನಿಸುತ್ತದೆ.

ಒಂದೇ ಅಳುಕು, ಗೊತ್ತಿಲ್ಲದವರು ‘ಕಚ್ಚಿದ ಮರಿ’ಯನ್ನು ಹಲ್ಲಿನಿಂದ ಕಚ್ಚಿದ್ದು ಅಂತ ಓದಿಬಿಟ್ಟರೆ? ‘ಕಚ್ಚುಮರಿ’ ಅಂತ ಸಮಾಸ ಮಾಡಿದರೆ ಅದು ತಪ್ಪುತ್ತದಾ, ಇನ್ನೂ ಹೆಚ್ಚಾಗುತ್ತದಾ? ಮೀನು ಹಿಡಿಯುವವರ ಮಾತಿನಲ್ಲಿ ಇದಕ್ಕೆ ಬೇರೆ ಪದ ಕೇಳಿದ್ದರೆ ದಯವಿಟ್ಟು ಅದನ್ನೇ ಬರೆಯಿರಿ, ನನ್ನದನ್ನು ಖುಷಿಯಿಂದ ಬಿಟ್ಟುಬಿಡುತ್ತೇನೆ.